ಎರಡನೆಯ ಬಾರಿ ಸಿಕ್ಕಿಬಿದ್ದವರು

ಮಳೆಗಾಲ ಕಳೆದು ಕಾಡಿನ ದಾರಿಗಳು ಒಣಗತೊಡಗಿದ ಮೇಲೆ ನಮ್ಮ ಪತ್ರಿಕೆಗಳ ಕರಾವಳಿ ಪುಟಗಳಲ್ಲಿ ಒಂದು ಬಗೆಯ ಛಾಯಾಚಿತ್ರ ಆಗಾಗ ಕಾಣಿಸಿಕೊಳ್ಳುತ್ತದೆ. ಅರಣ್ಯ ಇಲಾಖೆಯ ಕಚೇರಿಯೊಂದರ ಅಂಗಳ, ಅಲ್ಲೊಂದು ಮೇಜು, ಮೇಜಿನ ಮೇಲೆ ಕೋವಿ, ಕತ್ತಿ, ತಲೆಗೆ ಕಟ್ಟುವ ಟಾರ್ಚು, ಪ್ಲಾಸ್ಟಿಕ್ ಚೀಲದಲ್ಲಿ ಮಾಂಸ. ಹಿಂದೆ ಸಾಲಾಗಿ ನಿಂತ ಸಿಬ್ಬಂದಿ, ಮುಂದೆ ಮುಖ ತಗ್ಗಿಸಿ ಕುಳಿತ ಮೂರು ನಾಲ್ಕು ಮಂದಿ. ಸುದ್ದಿಯನ್ನು ಪೂರ್ತಿ ಓದಿದರೆ ಎಷ್ಟೋ ಸಲ ಕೊನೆಯ ಸಾಲಿನಲ್ಲಿ ಇನ್ನೊಂದು ಸಂಗತಿ ಇರುತ್ತದೆ: ಬಂಧಿತರಲ್ಲಿ ಒಬ್ಬನ ಮೇಲೆ ಈ ಮೊದಲೇ ಇಂಥದ್ದೇ ಪ್ರಕರಣ ದಾಖಲಾಗಿತ್ತು. ವರದಿಗಾರರು ಅದನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ನನ್ನನ್ನು ಬಹುಕಾಲದಿಂದ ಕಾಡುತ್ತಿರುವುದು ಆ ಒಂದು ವಾಕ್ಯ. ಒಮ್ಮೆ ಸಿಕ್ಕಿಬಿದ್ದು, ಜಾಮೀನಿಗಾಗಿ ನೆಂಟರ ಮನೆಬಾಗಿಲು ತಟ್ಟಿ, ವಕೀಲರಿಗೆ ಹಣ ತೆತ್ತು, ಊರವರ ಬಾಯಿಗೆ ಬಿದ್ದವನು ಮತ್ತೆ ಅದೇ ಕಾಡಿಗೆ ಅದೇ ಕೋವಿ ಹಿಡಿದು ಏಕೆ ಹೋಗುತ್ತಾನೆ? ಶಿಕ್ಷೆ ಸಾಲದೆ ಹೋಯಿತೇ, ಅಥವಾ ಶಿಕ್ಷೆ ಎಂಬುದು ಅವನ ಬಳಿಗೆ ಬರಲೇ ಇಲ್ಲವೇ?

ನಾನು ಹುಟ್ಟಿ ಬೆಳೆದದ್ದು ಘಟ್ಟದ ಬುಡದ ಹಳ್ಳಿಯಲ್ಲಿ, ಕೆಲಸ ಮಾಡಿದ್ದು ಉಡುಪಿ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ. ಬೇಟೆ ನಮಗೆ ದೂರದ ವಿಷಯವಲ್ಲ. ತುಳುವರ ಕೆಡ್ಡಸ ಹಬ್ಬದ ದಿನಗಳಲ್ಲಿ ಊರಿಗೆ ಊರೇ ನಾಯಿಗಳನ್ನು ಕಟ್ಟಿಕೊಂಡು ಬೋಂಟೆಗೆ, ಅಂದರೆ ಬೇಟೆಗೆ, ಹೋಗುತ್ತಿದ್ದ ನೆನಪು ಹಿರಿಯರಲ್ಲಿ ಇನ್ನೂ ಇದೆ. ಅದರ ಜೊತೆಗೇ, ಹಂದಿಯ ಮುಖದ ಪಂಜುರ್ಲಿಗೆ ಕೈಮುಗಿದು ನಿಲ್ಲುವವರೂ ನಾವೇ. ಎರಡೂ ನಮ್ಮವೇ ಆದ್ದರಿಂದ ಬೇಟೆಗೆ ಹೋದವನನ್ನು ರಾಕ್ಷಸನಂತೆ ಚಿತ್ರಿಸುವುದು ನನ್ನಿಂದಾಗದು. ಆದರೆ ನಾನು ಹುಡುಗನಾಗಿದ್ದಾಗ ತೋಟದ ಅಂಚಿಗೆ ಬರುತ್ತಿದ್ದ ಕಾಡುಕುರಿ, ತರಗೆಲೆಯ ನಡುವಿನಿಂದ ಸರಕ್ಕನೆ ಜಿಗಿಯುತ್ತಿದ್ದ ಬರಿಂಕವೆಂಬ ಪುಟ್ಟ ಜಿಂಕೆ ಈಗ ನಮ್ಮೂರಿನ ಮಕ್ಕಳಿಗೆ ಚಿತ್ರದಲ್ಲಿ ಮಾತ್ರ ಗೊತ್ತು. ಹಾಗಾಗಿ ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಕೂರಲೂ ಆಗದು.

ನ್ಯಾಯಾಲಯದ ಜಗಲಿಯಲ್ಲಿ

ನಮ್ಮ ಕುಟುಂಬದ ಜಾಗದ ಪಾಲಿನ ದಾವೆಗಾಗಿ ಕೆಲವು ವರ್ಷಗಳ ಹಿಂದೆ ನಾನು ತಾಲೂಕು ನ್ಯಾಯಾಲಯವೊಂದಕ್ಕೆ ಹೋಗಿಬರುತ್ತಿದ್ದೆ. ಒಂದು ದಿನ ಜಗಲಿಯ ಬೆಂಚಿನಲ್ಲಿ ನಮ್ಮೂರಿನವರೇ ಒಬ್ಬರು ಕುಳಿತಿದ್ದರು. ನನ್ನ ವಯಸ್ಸಿನವರು, ಅಡಿಕೆ ಕೊಯ್ಲಿಗೆ ಅವರಷ್ಟು ಚುರುಕಿನ ಆಳು ಸುತ್ತಮುತ್ತ ಇರಲಿಲ್ಲ. ಕೈಯಲ್ಲಿ ಒಂದು ಹಳೆಯ ಮದುವೆ ಕಾಗದವಿತ್ತು. ಅದರ ಹಿಂಬದಿಯ ಖಾಲಿ ಜಾಗದಲ್ಲಿ ವಕೀಲರ ಗುಮಾಸ್ತ ಬರೆದುಕೊಟ್ಟ ದಿನಾಂಕಗಳು ಮೇಲಿನಿಂದ ಕೆಳಗೆ ಸಾಲಾಗಿದ್ದವು, ಒಂದೊಂದನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿತ್ತು. ಕೆಳಗೆ ಜಾಗ ಸಾಲದೆ ಕೊನೆಯ ಕೆಲವು ತಾರೀಖುಗಳು ಅಂಚಿನುದ್ದಕ್ಕೂ ಮೇಲಕ್ಕೆ ಹತ್ತಿದ್ದವು.

"ಎಂತ, ನೀವು ಇಲ್ಲಿ?" ಎಂದು ಕೇಳಿದೆ.

"ಆ ಹಳೆಯ ಹಂದಿ ಕೇಸು ಮಾಸ್ಟ್ರೆ. ಇವತ್ತು ವಾಯಿದೆ."

"ಅದು ಇನ್ನೂ ಮುಗಿಯಲಿಲ್ಲವಾ?"

"ಎಲ್ಲಿ ಮುಗಿಯುವುದು? ಕೇಸು ಹಾಕಿದ ರೇಂಜರಿಗೆ ಘಟ್ಟದ ಮೇಲೆ ವರ್ಗ ಆಗಿ ಎಷ್ಟು ಕಾಲ ಆಯಿತು. ಅವರು ಬಂದ ದಿನ ನಮ್ಮ ವಕೀಲರಿಲ್ಲ, ವಕೀಲರು ಇದ್ದ ದಿನ ಅವರಿಲ್ಲ. ಒಂದು ದಿನದ ಸಂಬಳ ಹೋಗುತ್ತದೆ, ಅಷ್ಟೇ."

ಆ ಹೊತ್ತಿಗೆ ಅವರ ಮೇಲೆ ಇನ್ನೊಂದು ಪ್ರಕರಣವೂ ಆಗಿತ್ತೆಂದು ನನಗೆ ಗೊತ್ತಿತ್ತು. ಕೇಳಬೇಕೋ ಬೇಡವೋ ಎಂದು ನಾನು ತಡೆಯುತ್ತಿರುವಾಗಲೇ ಅವರು ತಾವಾಗಿ ಆ ಮಾತು ತೆಗೆದರು. ಮೊದಲ ಸಲ ಸಿಕ್ಕಿಬಿದ್ದ ರಾತ್ರಿ ಇಲಾಖೆಯ ಜೀಪಿನಲ್ಲಿ ಕುಳಿತಾಗ ಕೈಕಾಲು ನಡುಗಿದ್ದನ್ನು, ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಗೇಟಿನ ಹತ್ತಿರ ಬೈಕಿನ ಸದ್ದಾದರೆ ಎದೆ ಹಾರುತ್ತಿದ್ದುದನ್ನು ಹೇಳಿದರು. "ಇನ್ನು ಕೋವಿ ಮುಟ್ಟುವುದಿಲ್ಲ ಅಂತಲೇ ಇದ್ದೆ ಮಾಸ್ಟ್ರೆ. ಸುಳ್ಳಲ್ಲ." ಆಮೇಲೆ ಒಂದು ವರ್ಷ ಕಳೆಯಿತು, ಇನ್ನೊಂದು ಕಳೆಯಿತು, ಏನೂ ಆಗಲಿಲ್ಲ. ಊರಿನಲ್ಲಿ ಸಾಕಷ್ಟು ಅನುಕೂಲಸ್ಥರಾದ ಒಬ್ಬರ ಮನೆಯಲ್ಲಿ ಯಾವುದೋ ಊಟವಿತ್ತು, ನೆಂಟರಿಗೆ ಕಾಡಿನ ಮಾಂಸ ಬೇಕೆಂದು ಹೇಳಿ ಕಳುಹಿಸಿದ್ದರು, ಇವರು ಹೋದರು.

ಶಿಕ್ಷೆಯ ವಿಚಾರವಾಗಿ ನಾನು ಓದಿದ ಯಾವ ಬರಹಕ್ಕಿಂತಲೂ ಆ ಮಾತು ನನ್ನ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿದಿದೆ. ಅವರಲ್ಲಿ ಭಯ ಹುಟ್ಟಿತ್ತು, ನಿಜವಾಗಿಯೇ ಹುಟ್ಟಿತ್ತು. ಕಾನೂನು ಅವರನ್ನು ತಡೆಯಬಹುದಾಗಿದ್ದ ಕಾಲವೆಂದರೆ ಆ ಮೊದಲ ಕೆಲವು ತಿಂಗಳು. ಆ ಅವಧಿಯಲ್ಲಿ ಕಾನೂನಿನ ಕಡೆಯಿಂದ ಅವರಿಗೆ ಬಂದದ್ದು ಮುಂದಿನ ತಾರೀಖು ಮಾತ್ರ. ಭಯವೂ ಕಾಲ ಸಂದಂತೆ ಹಳತಾಗುತ್ತದೆ. ತಾರೀಖಿನಿಂದ ತಾರೀಖಿಗೆ ಮುಂದೂಡುತ್ತ ಹೋದ ಪ್ರಕರಣವು ಆರೋಪಿಗೆ ಕಲಿಸುವುದು, ಈ ಕೆಲಸ ಮಾಡಿದರೆ ಏನೂ ಆಗುವುದಿಲ್ಲ ಎಂಬುದನ್ನೇ.

ಇಟಲಿಯ ಚಿಂತಕ ಬೆಕಾರಿಯಾ 1764ರಷ್ಟು ಹಿಂದೆಯೇ, ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದು ತಪ್ಪದೆ ಬರುತ್ತದೆ ಎಂಬ ನಂಬಿಕೆ ಎಂದು ವಾದಿಸಿದ್ದ. ಅದು ತಡಮಾಡದೆ ಬರಬೇಕೆಂದೂ ಹೇಳಿದ್ದ. ಅಪರಾಧಶಾಸ್ತ್ರದಲ್ಲಿ ಆ ಬಳಿಕ ನಡೆದ ಅಧ್ಯಯನಗಳೂ ಬಹುಮಟ್ಟಿಗೆ ಇದೇ ಕಡೆಗೆ ಬೆರಳು ಮಾಡುತ್ತವೆ. ಹೀಗಿದ್ದೂ ನಮ್ಮಲ್ಲಿ ವನ್ಯಜೀವಿ ಅಪರಾಧದ ಚರ್ಚೆ ಎದ್ದಾಗಲೆಲ್ಲ ಕೇಳಿಬರುವುದು ಒಂದೇ ಬೇಡಿಕೆ: ಶಿಕ್ಷೆಯನ್ನು ಇನ್ನಷ್ಟು ಹೆಚ್ಚಿಸಿ.

ಎರಡನೆಯದು ಯಾವಾಗ ಎರಡನೆಯದಾಗುತ್ತದೆ

ಶಿಕ್ಷೆ ಈಗಾಗಲೇ ಕಡಿಮೆಯೇನೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 51ನೆಯ ಕಲಮಿನ ಪ್ರಕಾರ, ಮೊದಲ ಅನುಸೂಚಿಯಲ್ಲಿರುವ (ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿರುವ) ಪ್ರಾಣಿಯನ್ನು ಕೊಂದರೆ, ಅಥವಾ ಯಾವುದೇ ಪ್ರಾಣಿಯನ್ನು ಅಭಯಾರಣ್ಯ ಇಲ್ಲವೇ ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯಾಡಿದರೆ, ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆಮನೆ. ಉಳಿದ ಬಹುಪಾಲು ಅಪರಾಧಗಳಿಗೆ 3 ವರ್ಷದವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಈ ಸಾಮಾನ್ಯ ದಂಡದ ಮಿತಿ 25,000 ರೂಪಾಯಿಯಿಂದ ಒಂದು ಲಕ್ಷಕ್ಕೆ ಏರಿತು. ಮೊದಲ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಕನಿಷ್ಠ ದಂಡ 10,000ದಿಂದ 25,000ಕ್ಕೆ ಹೋಯಿತು. ಸೋಮೇಶ್ವರ ಅಭಯಾರಣ್ಯದ ಅಂಚಿನ ಊರುಗಳಲ್ಲಿ ಇದರ ಪರಿಣಾಮ ವಿಚಿತ್ರವಾಗಿ ಕಾಣುತ್ತದೆ. ಗಡಿಕಲ್ಲಿನ ಆಚೆ ಬಿದ್ದ ಕಾಡುಹಂದಿಗೆ ಕನಿಷ್ಠ ಮೂರು ವರ್ಷ, ಈಚೆ ಬಂದು ಬಿದ್ದ ಅದೇ ಹಂದಿಗೆ ಬರೀ ದಂಡದಲ್ಲೂ ಮುಗಿಯಬಹುದು.

ಮತ್ತೆ ಮತ್ತೆ ಬೇಟೆಯಾಡುವವನ ಬಗ್ಗೆಯೂ ಕಾಯ್ದೆ ಯೋಚಿಸಿದೆ. ಎರಡನೆಯ ಅಥವಾ ಅನಂತರದ ಅಪರಾಧಕ್ಕೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಸೆರೆ ಎಂಬ ಮಾತು ಅದೇ ಕಲಮಿನಲ್ಲಿದೆ. ಗಮನಿಸಿ ನೋಡಿದರೆ, ಮೊದಲ ಅನುಸೂಚಿಯ ಪ್ರಾಣಿಗೆ ಮೊದಲ ಸಲದ ಸೆರೆವಾಸವೂ ಅಷ್ಟೇ, ಎರಡನೆಯ ಸಲದ್ದೂ ಅಷ್ಟೇ. ಇಂಥ ಪ್ರಾಣಿಗಳ ವಿಷಯದಲ್ಲಿ ಮರುಕಳಿಸಿದ ಅಪರಾಧಕ್ಕೆ ಸೆರೆವಾಸ ನಿಜವಾಗಿ ಏರುವುದು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಮಾತ್ರ. ಅಲ್ಲಿ ಎರಡನೆಯ ಬಾರಿ ತಪ್ಪು ಸಾಬೀತಾದರೆ ಕನಿಷ್ಠ 7 ವರ್ಷ, ದಂಡ 5 ಲಕ್ಷದಿಂದ 50 ಲಕ್ಷ. ಕುದುರೆಮುಖವಾಗಲಿ ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳಾಗಲಿ ಹುಲಿ ಸಂರಕ್ಷಿತ ಪ್ರದೇಶಗಳಲ್ಲ, ಆದ್ದರಿಂದ ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಮಟ್ಟಿಗೆ ಆ ನಿಯಮ ಅನ್ವಯಿಸುವುದೇ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ಬೇರೆ. ಎರಡನೆಯ ಅಪರಾಧವನ್ನು ಎರಡನೆಯದೆಂದು ನ್ಯಾಯಾಲಯ ಪರಿಗಣಿಸಬೇಕಾದರೆ ಮೊದಲನೆಯದು ಸಾಬೀತಾಗಿರಬೇಕು. ಜಾಮೀನಿನ ವಿಚಾರದಲ್ಲೂ ಹಾಗೆಯೇ. 51ಎ ಕಲಮು ಗಂಭೀರ ಪ್ರಕರಣಗಳಲ್ಲಿ ಜಾಮೀನನ್ನು ಬಹಳ ಬಿಗಿ ಮಾಡುತ್ತದೆ, ಆದರೆ ಈ ಕಾಯ್ದೆಯಡಿ ಹಿಂದೆ ಶಿಕ್ಷೆಗೊಳಗಾದವನಿಗೆ ಮಾತ್ರ. ಕೋವಿಯ ಪರವಾನಗಿಯನ್ನು ರದ್ದುಪಡಿಸಿ ಐದು ವರ್ಷ ಮತ್ತೆ ಸಿಗದಂತೆ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ, ಅದೂ ತಪ್ಪು ಸಾಬೀತಾದ ಮೇಲೆ. ಹೀಗೆ ಮರುಬೇಟೆಗಾರನಿಗಾಗಿ ಕಾಯ್ದೆ ಕಟ್ಟಿದ ಪ್ರತಿಯೊಂದು ಬಾಗಿಲೂ ಮೊದಲ ಪ್ರಕರಣದ ತೀರ್ಪಿನ ಕಡೆಯಿಂದಲೇ ತೆರೆದುಕೊಳ್ಳಬೇಕು. ಮೊದಲ ಪ್ರಕರಣ ಹತ್ತು ವರ್ಷ ನೆನೆಗುದಿಗೆ ಬಿದ್ದಿದ್ದರೆ, ಆ ಹತ್ತು ವರ್ಷಗಳಲ್ಲಿ ಅವನು ಮತ್ತೆರಡು ಸಲ ಸಿಕ್ಕಿಬಿದ್ದರೂ ಕಾನೂನಿನ ಕಣ್ಣಿಗೆ ಅವನು ಮೊದಲ ಸಲದ ಆರೋಪಿಯೇ. ನನ್ನ ಜೊತೆ ಜಗಲಿಯಲ್ಲಿ ಕುಳಿತಿದ್ದವರು ಊರಿನವರಿಗೆ, ಇಲಾಖೆಯವರಿಗೆ, ಪತ್ರಿಕೆಯವರಿಗೆ ಎರಡು ಬಾರಿ ಸಿಕ್ಕಿಬಿದ್ದವರು; ನ್ಯಾಯಾಲಯದ ಕಡತದಲ್ಲಿ ಒಂದು ಬಾರಿಯೂ ತಪ್ಪು ಮಾಡದವರು. ಇನ್ನು ಸಣ್ಣ ಅಪರಾಧಗಳನ್ನು ಹಣ ಕಟ್ಟಿಸಿಕೊಂಡು ರಾಜಿಯಲ್ಲಿ ಮುಗಿಸಲು 54ನೆಯ ಕಲಮು ಅವಕಾಶ ಕೊಡುತ್ತದೆ. ಹಾಗೆ ಮುಗಿದದ್ದು ಅಪರಾಧ ಸಾಬೀತಾದ ಲೆಕ್ಕಕ್ಕೆ ಬರುವುದಿಲ್ಲ.

ತಡವಾಗುವುದಕ್ಕೆ ಯಾರೋ ಒಬ್ಬರನ್ನು ದೂರುವುದು ಸುಲಭ, ಆದರೆ ಕಾರಣಗಳು ಕ್ರಮದಲ್ಲೇ ಇವೆ. ಈ ಕಾಯ್ದೆಯಡಿ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳುವುದು ಪೊಲೀಸರ ದೋಷಾರೋಪಪಟ್ಟಿಯನ್ನಲ್ಲ, ಅಧಿಕಾರ ಪಡೆದ ಅರಣ್ಯಾಧಿಕಾರಿಯ ದೂರನ್ನು. ಮೂರು ವರ್ಷದಷ್ಟು ಸೆರೆಯ ಅಪರಾಧ ದೂರಿನ ಮೂಲಕ ಬಂದಾಗ, ಆರೋಪ ಹೊರಿಸುವುದಕ್ಕೆ ಮುಂಚೆ ಒಮ್ಮೆ ಸಾಕ್ಷ್ಯ ನಡೆಯಬೇಕು, ಹೊರಿಸಿದ ಮೇಲೆ ಅದೇ ಸಾಕ್ಷಿಗಳನ್ನು ಪಾಟೀಸವಾಲಿಗೆ ಮತ್ತೆ ಕರೆಸಲು ಆರೋಪಿಗೆ ಹಕ್ಕಿದೆ. ಮಹಜರು ಮಾಡಿದ ಅಧಿಕಾರಿ ಈ ನಡುವೆ ಬೀದರಿಗೋ ಬಳ್ಳಾರಿಗೋ ವರ್ಗವಾಗಿರುತ್ತಾರೆ. ಮಾಂಸ ಯಾವ ಪ್ರಾಣಿಯದೆಂದು ಹೈದರಾಬಾದಿನ ಸಿಸಿಎಂಬಿಯಂಥ ಪ್ರಯೋಗಾಲಯದಿಂದ ವರದಿ ಬರಬೇಕು. ಬೇಯಿಸಿದ ತುಂಡಿನಿಂದಲೂ ವಂಶವಾಹಿ ಪರೀಕ್ಷೆಯಲ್ಲಿ ಪ್ರಾಣಿಯನ್ನು ಗುರುತಿಸಬಲ್ಲರು, ಆದರೆ ಮಾದರಿಯನ್ನು ಸರಿಯಾಗಿ ತೆಗೆದು, ಮೊಹರು ಮಾಡಿ, ಕೆಡದಂತೆ ಕಳುಹಿಸಿರಬೇಕು.

ಪಂಚರ ವಿಷಯ ಇನ್ನೂ ಕಷ್ಟದ್ದು. ಮಹಜರಿಗೆ ಸಹಿ ಹಾಕುವವರು ಸಾಮಾನ್ಯವಾಗಿ ಅದೇ ಊರಿನವರು. ವರ್ಷಗಳ ಮೇಲೆ ಕಟಕಟೆಗೆ ಬಂದಾಗ, ಕೋವಿಯನ್ನು ತಾವು ನೋಡಲೇ ಇಲ್ಲ, ಕಾಗದಕ್ಕೆ ಸಹಿ ಹಾಕು ಎಂದರು ಹಾಕಿದೆವು ಎನ್ನುತ್ತಾರೆ. ಹೇಳದೆ ಏನು ಮಾಡಿಯಾರು? ಆರೋಪಿಯ ಮನೆಯ ಅಂಗಳ ದಾಟಿಯೇ ಇವರ ಮಕ್ಕಳು ಶಾಲೆಗೆ ಹೋಗಬೇಕು. ಆದರೆ ಇದೇ ಜನ ಕಾನತ್ತೂರಿನ ದೈವಗಳ ಮುಂದೆ ಸುಳ್ಳು ಹೇಳಲಾರರು, ಮಂಜುನಾಥನ ಆಣೆ ಹಾಕಿ ತಪ್ಪಲಾರರು. ಜಾಗದ ತಕರಾರು, ಸಾಲದ ತಕರಾರು ಅಲ್ಲಿಗೆ ಹೋಗುತ್ತದೆ ಎಂದರೆ ಎದುರಾಳಿಯ ಮುಖ ಬಿಳಿಚುವುದನ್ನು ನಾನೇ ಕಂಡಿದ್ದೇನೆ. ಅಲ್ಲಿ ಮಾಡಿದ್ದಕ್ಕೆ ಫಲ ಬಂದೇ ಬರುತ್ತದೆಂಬ ನಂಬಿಕೆ ಅಚಲ. ಹಾಗಿದ್ದೂ, ಕಾಡಿನಲ್ಲಿ ಕಡವೆ ಕೊಂದರೆಂದು ಯಾರಾದರೂ ದೈವಕ್ಕೆ ದೂರು ಕೊಟ್ಟದ್ದನ್ನು ನಾನು ಈವರೆಗೆ ಕೇಳಿಲ್ಲ. ಕದ್ದವನನ್ನು ಊರು ಕಳ್ಳನೆಂದು ಕರೆಯುತ್ತದೆ, ಬೇಟೆಯಾಡಿದವನನ್ನು ಹಾಗೆ ಕರೆಯುವುದಿಲ್ಲ. ನ್ಯಾಯಾಲಯವು ಶಿಕ್ಷಿಸುವ ತಪ್ಪನ್ನು ಊರು ತಪ್ಪೆಂದು ಒಪ್ಪದಿರುವಾಗ ಸಾಕ್ಷಿ ಎಲ್ಲಿಂದ ಬರಬೇಕು?

ಉರುಳು ಹುಡುಕುವವರ ಜೊತೆ

ದಿನಗೂಲಿಯ ಮೇಲೆ ಕಾಡು ಕಾಯುವ ಒಬ್ಬ ವಾಚರ್ ನನಗೆ ಹಲವು ವರ್ಷಗಳಿಂದ ಪರಿಚಿತರು. ಅವರ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಒಂದು ಡಿಸೆಂಬರಿನ ಬೆಳಿಗ್ಗೆ ಅವರು ಗಸ್ತು ಹೋಗುವಾಗ ಜೊತೆಗೆ ಹೋಗಿದ್ದೆ. ಅಡಿಕೆ ತೋಟದ ಬೇಲಿ ಮುಗಿದು ಕಾಡು ಶುರುವಾಗುವಲ್ಲಿ, ಪ್ರಾಣಿಗಳು ನುಸುಳಿ ನುಸುಳಿ ಬೇಲಿಯಲ್ಲಿ ಒಂದು ಕಂಡಿ ಬಿದ್ದಿತ್ತು. ಅವರು ಅಲ್ಲಿ ಕುಳಿತು, ಒಣಗಿದ ಎಲೆಗಳನ್ನು ಬೆರಳ ತುದಿಯಿಂದ ಸರಿಸಿದರು. ನನ್ನ ಕಣ್ಣಿಗೆ ಬಳ್ಳಿಯಂತೆ ಕಂಡದ್ದು ಬೈಕಿನ ಕ್ಲಚ್ಚಿನ ತಂತಿ. ಒಂದು ತುದಿಯನ್ನು ಎಳೆಯ ಮರದ ಬುಡಕ್ಕೆ ಮೂರು ಸುತ್ತು ಬಿಗಿದು, ಇನ್ನೊಂದು ತುದಿಯನ್ನು ಹಂದಿಯ ಕತ್ತಿನ ಎತ್ತರಕ್ಕೆ ಕುಣಿಕೆ ಮಾಡಿ ನಿಲ್ಲಿಸಿದ್ದರು. ಕುಣಿಕೆ ಕೆಳಗೆ ಜಾರದಂತೆ ಎರಡೂ ಬದಿಗೆ ತೆಳ್ಳಗಿನ ಕಡ್ಡಿಗಳ ಆಧಾರ. ತಂತಿಯ ಹೊಳಪು ಕಾಣದಿರಲೆಂದು ಅದಕ್ಕೆ ಮಣ್ಣು ಸವರಿದ್ದರು.

ಹತ್ತು ಹೆಜ್ಜೆ ಆಚೆ ಇನ್ನೊಂದು ಮರವನ್ನು ತೋರಿಸಿದರು. ಅದರ ಬುಡದ ಸಿಪ್ಪೆ ಸುತ್ತಲೂ ಉಜ್ಜಿಹೋಗಿ ಬಿಳಿಯ ಪಟ್ಟಿಯೊಂದು ಉಳಿದಿತ್ತು. ನೆಲದಲ್ಲಿ ವೃತ್ತಾಕಾರವಾಗಿ ಮಣ್ಣು ಕೆದರಿ ಬೇರು ಹೊರಬಿದ್ದಿತ್ತು. ಅಲ್ಲಿ ಸಿಕ್ಕಿಕೊಂಡದ್ದು ಹಂದಿಯಲ್ಲ, ಚಿರತೆ ಎಂದರು. ಸೊಂಟಕ್ಕೆ ತಂತಿ ಬಿಗಿದುಕೊಂಡು ಅದು ಒಂದು ರಾತ್ರಿಯಿಡೀ ಆ ಮರದ ಸುತ್ತ ತಿರುಗಿತ್ತು. ವೈದ್ಯರು ಬಂದು ಅರಿವಳಿಕೆ ಕೊಡುವ ಮುಂಚೆಯೇ ಸತ್ತಿತು. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಬೀಳುವುದು ನಮ್ಮ ಕಡೆ ಅಪರೂಪವಲ್ಲ. ತಂತಿ ಯಾವ ಪ್ರಾಣಿಯನ್ನೂ ಆರಿಸುವುದಿಲ್ಲ, ಇಟ್ಟವನು ಆ ಹೊತ್ತಿಗೆ ಮನೆಯಲ್ಲಿ ಮಲಗಿರುತ್ತಾನೆ.

ಉರುಳು ಇಟ್ಟವನು ಯಾರೆಂದು ಗೊತ್ತೇ ಎಂದು ಕೇಳಿದಾಗ ಅವರು ನಕ್ಕುಬಿಟ್ಟರು. ಗಂಟು ಹಾಕಿದ ರೀತಿಯಿಂದಲೇ ಗೊತ್ತು, ಆದರೆ ಗಂಟು ಸಾಕ್ಷಿಯಾಗುವುದಿಲ್ಲವಲ್ಲ. ಬಳಿಕ ಹೇಳಿದ ಮಾತು ಇದು: "ಕೇಸಿಗೆ ಇವರು ಯಾರೂ ಹೆದರುವುದಿಲ್ಲ ಮಾಸ್ಟ್ರೆ. ನಾನು ದಿನಾ ಒಂದೇ ಹೊತ್ತಿಗೆ ಬಂದರೆ ಅದಕ್ಕೂ ಹೆದರುವುದಿಲ್ಲ. ಯಾವ ಹೊತ್ತಿಗೆ ಬರುತ್ತೇನೆ ಅಂತ ಗೊತ್ತಿಲ್ಲದಿದ್ದರೆ ಈ ಬದಿಗೆ ಬರುವುದಿಲ್ಲ, ಹೊಳೆಯ ಆಚೆಗೆ ಹೋಗುತ್ತಾರೆ." ಹೊಳೆಯಾಚೆಯ ಗಸ್ತಿಗೆ ಆಗ ಜನ ಇರಲಿಲ್ಲ.

ಜಾಂಬಿಯಾದ ಲುವಾಂಗ್ವಾ ಕಣಿವೆಯ ಆನೆ ಮತ್ತು ಖಡ್ಗಮೃಗಗಳ ಬೇಟೆಯ ಕುರಿತು ಲೀಡರ್-ವಿಲಿಯಮ್ಸ್ ಮತ್ತು ಮಿಲ್ನರ್-ಗಲ್ಲಂಡ್ ಎಂಬ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಲೇಖನ ಬಂದು ನಿಂತದ್ದೂ ಈ ವಾಚರ್ ಹೇಳಿದಲ್ಲಿಗೇ: ಸಿಕ್ಕಿಬೀಳುವ ಸಂಭವ ಹೆಚ್ಚುವುದು ಶಿಕ್ಷೆಯ ಪ್ರಮಾಣ ಹೆಚ್ಚುವುದಕ್ಕಿಂತ ಬಲವಾಗಿ ತಡೆಯುತ್ತದೆ. ತಾಂಜಾನಿಯಾದ ಸೆರೆಂಗೆಟಿಯಲ್ಲಿ 1970ರ ದಶಕದ ಕೊನೆಯಲ್ಲಿ ಹಣವಿಲ್ಲದೆ ಗಸ್ತು ಕುಸಿದಾಗ ಕಾಡೆಮ್ಮೆ, ಆನೆ, ಖಡ್ಗಮೃಗಗಳು ಕುಸಿದವು. ಗಸ್ತು ಚೇತರಿಸಿಕೊಂಡಾಗ ಕಾಡೆಮ್ಮೆ, ಆನೆಗಳು ಚೇತರಿಸಿಕೊಂಡವು. ನಮ್ಮ ನಾಗರಹೊಳೆಯಲ್ಲಿ ಕೆ. ಎಂ. ಚಿಣ್ಣಪ್ಪನವರು ರೇಂಜರಾಗಿದ್ದ ಕಾಲವನ್ನು ಬಲ್ಲವರು ನೆನೆಯುವುದು ಅವರು ಹಾಕಿಸಿದ ಶಿಕ್ಷೆಗಳನ್ನಲ್ಲ, ಯಾವ ಹೊತ್ತಿನಲ್ಲೂ ಅವರು ಕಾಡಿನಲ್ಲಿ ಎದುರಾಗಬಹುದಾಗಿದ್ದುದನ್ನು.

ಊಟದ ಬೇಟೆ, ವ್ಯಾಪಾರದ ಬೇಟೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಎಲ್ಲ ಬೇಟೆಗಾರರಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ಹುಲಿ, ಚಿರತೆ ಚರ್ಮಗಳ ಕಳ್ಳವ್ಯಾಪಾರಿ ಸಂಸಾರ್ ಚಂದ್ ಮೊದಲ ಸಲ ಬಂಧಿತನಾದದ್ದು 1974ರಲ್ಲಿ, ಅವನಿಗಿನ್ನೂ ಹದಿನಾರು ವರ್ಷವಿದ್ದಾಗ. ಸಿಕ್ಕಿದ ಚರ್ಮಗಳು ನೂರಾರು. ಆ ಮೇಲಿನ ಮೂರು ದಶಕಗಳಲ್ಲಿ ಅವನ ಮೇಲೆ ಐವತ್ತಕ್ಕೂ ಹೆಚ್ಚು ಪ್ರಕರಣಗಳು ಸೇರಿಕೊಂಡವು, ಜಾಮೀನುಗಳು ಸಿಕ್ಕವು, ವ್ಯಾಪಾರ ಬೆಳೆಯಿತು. ರಾಜಸ್ಥಾನದ ಸಾರಿಸ್ಕಾದಲ್ಲಿ ಹುಲಿಗಳೇ ಉಳಿದಿಲ್ಲ ಎಂದು ದೇಶಕ್ಕೆ ತಿಳಿದದ್ದು ಮತ್ತು ಅವನು ಗಟ್ಟಿಯಾಗಿ ಸೆರೆ ಸೇರಿದ್ದು ಎರಡೂ 2005ರ ಆಸುಪಾಸಿನಲ್ಲಿ. ಅವನ ಐದು ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2010ರಲ್ಲಿ. ಇಂಥವನಿಗೆ ದಂಡ ಎಂಬುದು ವ್ಯಾಪಾರದ ಖರ್ಚಿನ ಒಂದು ಬಾಬತ್ತು; ಒಬ್ಬ ಆಳು ಸಿಕ್ಕಿಬಿದ್ದರೆ ಇನ್ನೊಬ್ಬ ಆಳು. ಇವನನ್ನು ಭಯ ತಿದ್ದುತ್ತದೆಂದು ನಾನು ನಂಬುವುದಿಲ್ಲ. ಆದರೆ ಒಳಗಿದ್ದಷ್ಟು ಕಾಲ ಅವನ ಜಾಲ ಸಡಿಲವಾಗುತ್ತದೆ, ಅದಕ್ಕಾಗಿಯೇ ದೀರ್ಘ ಸೆರೆ ಇಲ್ಲಿ ನ್ಯಾಯ. ಚಿಪ್ಪುಹಂದಿಯ ಚಿಪ್ಪು, ಚಿರತೆಯ ಚರ್ಮ ಮತ್ತು ಉಗುರುಗಳನ್ನು ಘಟ್ಟದ ಊರುಗಳಿಂದ ಕೊಂಡು ಸಾಗಿಸುವವರ ಬಗ್ಗೆ ನನಗೆ ಕರುಣೆಯಿಲ್ಲ.

ನಮ್ಮೂರಿನ ಹಂದಿ ಬೇಟೆಗಾರ ಬೇರೆ ಬಗೆಯವನು. ಅವನಿಗೆ ಹಣ ಮುಖ್ಯವಲ್ಲದಿರಬಹುದು. ರಾತ್ರಿಯ ಕಾಡಿನ ಹುರುಪು, ಸ್ನೇಹಿತರ ಗುಂಪು, ಪಾಲು ಹಂಚುವಾಗಿನ ಯಜಮಾನಿಕೆ, ಗುರಿಕಾರನೆಂಬ ಹೆಸರು ಅವನನ್ನು ಹೊರಡಿಸುತ್ತವೆ. ಅವನಿಗೆ ತಟ್ಟುವುದೂ ಬೇರೆ. ನಾನು ಮಾತಾಡಿಸಿದವರಲ್ಲಿ ಸೆರೆಮನೆಯ ಮಾತೆತ್ತಿದವರು ಕಡಿಮೆ. ಕೋವಿ ಹೋದದ್ದು, ಜೀಪು ಹೋದದ್ದು, ಮಗಳಿಗೆ ಗಂಡು ನೋಡುವಾಗ ಪತ್ರಿಕೆಯ ಹಳೆಯ ಚಿತ್ರವನ್ನು ಯಾರೋ ತೋರಿಸಿದ್ದು, ಇವು ಅವರ ಬಾಯಿಯಿಂದ ತಾವಾಗಿ ಬರುತ್ತವೆ. ನಮ್ಮ ಜಿಲ್ಲೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳು ಬಹಳಷ್ಟು ಮನೆಗಳಲ್ಲಿವೆ. ಚುನಾವಣೆ ಬಂದಾಗ ಅವನ್ನು ಠಾಣೆಗೆ ಒಪ್ಪಿಸಬೇಕಾಗುವುದೇ ಎಷ್ಟು ಅಸಮಾಧಾನಕ್ಕೆ ಕಾರಣವಾಗುತ್ತದೆಂದು ಎಲ್ಲರಿಗೂ ಗೊತ್ತು. ಐದು ವರ್ಷ ಪರವಾನಗಿ ಇಲ್ಲದಿರುವುದು ಇಂಥ ಮನೆಗೆ ನಿಜವಾದ ಶಿಕ್ಷೆ. ಅದು ಈಗಲೇ ಕಾಯ್ದೆಯಲ್ಲಿದೆ, ತೀರ್ಪು ಬಾರದ ಕಾರಣ ಯಾರಿಗೂ ತಟ್ಟುತ್ತಿಲ್ಲ. ವಾಹನದ ವಿಷಯವೂ ಅಂಥದ್ದೇ: ವಶಪಡಿಸಿಕೊಂಡ ವಾಹನವನ್ನು ವಿಚಾರಣೆಯ ನಡುವೆ ಬಿಡುಗಡೆ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆಯೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟಪಡಿಸಿತು. ಆ ತೀರ್ಪು ಸರಿಯಾದದ್ದೇ, ತಪ್ಪು ಸಾಬೀತಾಗುವ ಮುಂಚೆ ಒಬ್ಬನ ಆಸ್ತಿ ಕಿತ್ತುಕೊಳ್ಳಬಾರದು. ಆದರೆ ಅದರಿಂದ ಮತ್ತೆ ಎಲ್ಲ ಭಾರವೂ ತೀರ್ಪು ಬೇಗ ಬರುವುದರ ಮೇಲೆಯೇ ಬೀಳುತ್ತದೆ.

ಇನ್ನೊಂದು ಮಾತನ್ನು ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಬೇಟೆಯ ಮಾಂಸವನ್ನು ಬಯಸಿ ಹೇಳಿಕಳುಹಿಸಿದ ಯಜಮಾನರು ಆ ಛಾಯಾಚಿತ್ರದಲ್ಲಿ ಎಂದೂ ಇರುವುದಿಲ್ಲ. ಮಾಂಸವನ್ನು ಪಡೆಯುವುದು, ಇಟ್ಟುಕೊಳ್ಳುವುದು ಕೂಡ ಕಾಯ್ದೆಯ ಪ್ರಕಾರ ಅಪರಾಧವೇ. ಆದರೂ ಪ್ರಕರಣ ಕೋವಿ ಹಿಡಿದವನಲ್ಲಿಗೆ ನಿಲ್ಲುತ್ತದೆ, ಅಡುಗೆಮನೆಯ ಒಳಗೆ ಹೋಗುವುದಿಲ್ಲ. ನನ್ನ ಪರಿಚಯದ ಆ ಅಡಿಕೆ ಕೊಯ್ಲಿನ ಮನುಷ್ಯನನ್ನು ಎರಡನೆಯ ಸಲ ಕಾಡಿಗೆ ಕಳುಹಿಸಿದವರು ಈಗಲೂ ಊರಿನ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಕೊಂಡು ತಿಂದವರ ಹೆಸರೂ ಒಂದೆರಡು ಪ್ರಕರಣಗಳಲ್ಲಿ ಬಂದಿದ್ದರೆ, ಹೇಳಿಕಳುಹಿಸುವವರೇ ಇಲ್ಲವಾಗಿ ಎಷ್ಟೋ ಕೋವಿಗಳು ಮನೆಯ ಅಟ್ಟದಲ್ಲೇ ಉಳಿಯುತ್ತಿದ್ದವು.

ಟಾರ್ಚು ಹಿಡಿಯುವ ಹುಡುಗರು

ಕೇರಳದ ಪೆರಿಯಾರಿನಲ್ಲಿ 1990ರ ದಶಕದ ಕೊನೆಯಲ್ಲಿ ನಡೆದ ಒಂದು ಪ್ರಯೋಗ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಕಾಡಿನಿಂದ ದಾಲ್ಚಿನ್ನಿಯ ಜಾತಿಯ ಮರದ ತೊಗಟೆಯನ್ನು ಕದ್ದು ಸಾಗಿಸುತ್ತಿದ್ದ, ಮೇಲಿಂದ ಮೇಲೆ ಪ್ರಕರಣಗಳಲ್ಲಿ ಸಿಲುಕಿದ್ದ ಒಂದು ಗುಂಪಿನೊಂದಿಗೆ ಅರಣ್ಯ ಇಲಾಖೆ ಮಾತುಕತೆ ನಡೆಸಿತು. ಅವರು ಕಳವು ಬಿಟ್ಟು ತಮಗೆ ತಿಳಿದದ್ದನ್ನೆಲ್ಲ ಇಲಾಖೆಗೆ ತಿಳಿಸಿದರು, ಪ್ರಕರಣಗಳು ಹಿಂದೆ ಹೋದವು, ಅದೇ ಜನ ಪ್ರವಾಸಿಗಳಿಗೆ ಕಾಡಿನ ದಾರಿ ತೋರಿಸುವವರಾಗಿ, ಗಸ್ತು ತಿರುಗುವವರಾಗಿ ಬದಲಾದರು. ದಾರಿ ತಪ್ಪಿದವರನ್ನೆಲ್ಲ ಹೀಗೆ ಉದ್ಯೋಗ ಕೊಟ್ಟು ಕರೆದರೆ, ಎಂದೂ ತಪ್ಪದೆ ಬಡತನದಲ್ಲೇ ಉಳಿದ ನೆರೆಮನೆಯವನಿಗೆ ಏನು ಹೇಳುವುದು ಎಂಬ ಆಕ್ಷೇಪ ನ್ಯಾಯವಾದದ್ದು, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಆ ಕಾಡಿನ ಒಂದೊಂದು ಜಾಡನ್ನೂ ಬಲ್ಲವರು ಗಸ್ತಿನಲ್ಲಿರುವುದರ ಬೆಲೆ ಎಷ್ಟೆಂದು ನಮ್ಮ ವಾಚರ್ ಜೊತೆ ನಡೆದ ಮೇಲೆ ನನಗೆ ತಿಳಿದಿದೆ.

ಮೂವತ್ತು ವರ್ಷ ಹರೆಯದ ಹುಡುಗರ ನಡುವೆ ಕಳೆದ ನನಗೆ, ಮತ್ತೆ ಮತ್ತೆ ಬೇಟೆಯಾಡುವವನು ತಯಾರಾಗುವ ಗಳಿಗೆಯೂ ಗೊತ್ತು. ಯಾವ ಹುಡುಗನೂ ಮೊದಲ ರಾತ್ರಿ ಕೋವಿ ಹಿಡಿಯುವುದಿಲ್ಲ. ಟಾರ್ಚು ಹಿಡಿಯುತ್ತಾನೆ, ಚೀಲ ಹೊರುತ್ತಾನೆ, ಸೋದರಮಾವನ ಹಿಂದೆ ಸದ್ದಿಲ್ಲದೆ ನಡೆಯಲು ಕಲಿಯುತ್ತಾನೆ. ಸೋಮವಾರ ತರಗತಿಯಲ್ಲಿ ತೂಕಡಿಸುತ್ತಾನೆ, ಗೆಳೆಯರ ಮುಂದೆ ದೊಡ್ಡವನಾಗುತ್ತಾನೆ. ಹಿಂದಿನ ರಾತ್ರಿಯ ಕತೆ ಕೇಳಲು ಅವನ ಸುತ್ತ ಹುಡುಗರು ಮುತ್ತಿದ್ದನ್ನು ನಾನು ಶಾಲೆಯ ಜಗಲಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಇವನು ಗುಂಪಿನೊಂದಿಗೆ ಸಿಕ್ಕಿಬಿದ್ದ ದಿನ ಏನಾಗುತ್ತದೆಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಅಭಯಾರಣ್ಯದೊಳಗೆ ಬೇಟೆಯಾಡಿ ಶಿಕ್ಷೆಗೊಳಗಾದವರಿಗೆ ಸನ್ನಡತೆಯ ಆಧಾರದ ಮೇಲೆ ಬಿಡುಗಡೆಯಾಗುವ ಸೌಲಭ್ಯವನ್ನು ಕಾಯ್ದೆ ನಿರಾಕರಿಸುತ್ತದೆ, ಹದಿನೆಂಟು ವರ್ಷ ತುಂಬದವರನ್ನು ಮಾತ್ರ ಹೊರತುಪಡಿಸಿ. ಆ ವಯಸ್ಸಿನವರಿಗಾಗಿ ಕಾನೂನೇ ಬೇರೆ ದಾರಿ ತೆರೆದಿಟ್ಟಿದೆ ಎಂದಾಯಿತು. ಆ ಹುಡುಗ ಸಿಕ್ಕ ವಾರದಲ್ಲೇ ಅವನ ಮನೆಗೆ ಒಬ್ಬ ಅಧಿಕಾರಿ ಹೋಗಿ ಕುಳಿತು ಮಾತಾಡಿ, ಮುಂದಿನ ಬೇಸಿಗೆಯ ರಜೆಯಲ್ಲಿ ವಾಚರ್‌ನ ಹಿಂದೆ ಉರುಳು ತೆಗೆಯಲು ಅವನನ್ನು ಕಳುಹಿಸುವ ಏರ್ಪಾಡು ಒಂದೊಂದು ವಲಯದಲ್ಲೂ ಇರಬೇಕೆಂದು ನಾನು ಬಯಸುತ್ತೇನೆ. ಅವನನ್ನು ಕರೆದೊಯ್ದ ಸೋದರಮಾವನ ಪ್ರಕರಣ ಅದೇ ವರ್ಷದೊಳಗೆ ತೀರ್ಮಾನವಾಗಿ, ಮೂರೇ ವರ್ಷವಾಗಲಿ, ಬರೀ ದಂಡವಾಗಲಿ, ಕೋವಿಯ ಪರವಾನಗಿ ರದ್ದಾದದ್ದು ಊರಿಗೆಲ್ಲ ತಿಳಿಯಬೇಕು. ಏಳು ವರ್ಷದ ಗರಿಷ್ಠ ಶಿಕ್ಷೆಯನ್ನು ಹತ್ತು ವರ್ಷಕ್ಕೆ ಏರಿಸಬೇಕೆಂಬ ಮನವಿಗೆ ಸಹಿ ಹಾಕಿರೆಂದು ಮೊನ್ನೆ ಪರಿಸರಾಸಕ್ತ ಗೆಳೆಯರೊಬ್ಬರು ಕೇಳಿದರು. ಹಾಕಲಿಲ್ಲ. ಜಿಲ್ಲೆಯ ನ್ಯಾಯಾಲಯಗಳಲ್ಲಿ ಬಾಕಿಯಿರುವ ವನ್ಯಜೀವಿ ಪ್ರಕರಣಗಳಿಗೆ ತಿಂಗಳಿಗೊಂದು ದಿನ ಮೀಸಲಿಡಿ, ವರ್ಗವಾದ ಅಧಿಕಾರಿಗಳ ಸಾಕ್ಷ್ಯವನ್ನು ಅವರಿರುವ ಊರಿನಿಂದಲೇ ವಿಡಿಯೊ ಮೂಲಕ ಪಡೆಯಿರಿ ಎಂದು ಕೇಳುವ ಮನವಿ ಬರೆದರೆ ಮೊದಲ ಸಹಿ ನನ್ನದು ಎಂದಿದ್ದೇನೆ.